ಹೆದರಿಕೆ ಕಣ್ಣಿಗಿರಲಿ, ಹೊಟ್ಟೆಗೆ ಬೇಡ: ಬಾತಿ ಮನೆಯ ಹ್ಯಾಲೋವೀನ್ ತಿಂಡಿಗಳು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ದೆವ್ವದ ಬಗ್ಗೆ. ಆದ್ರೆ ದೆವ್ವದ ಕಥೆ ಅಲ್ಲ, ದೆವ್ವದ ತಿಂಡಿ.

ವಿಷಯ ಏನಂದ್ರೆ, ಈ ಅಕ್ಟೋಬರ್ 31 ಶುಕ್ರವಾರ ನಮ್ಮನೇಲಿ ಮಕ್ಕಳ ಹ್ಯಾಲೋವೀನ್ ಪಾರ್ಟಿ. ಹೌದು, ಬಾತಿಯಲ್ಲಿ! ದಾವಣಗೆರೆಯಿಂದ ಹರಿಹರಕ್ಕೆ ಹೋಗೋ ದಾರೀಲಿ ಗುಡ್ಡ, ಕೆರೆ ಇರೋ ಅದೇ ಬಾತಿ. ನಗಬೇಡಿ. ಅಕ್ಕನ ಮಕ್ಕಳು, ಚಿಕ್ಕಪ್ಪನ ಮೊಮ್ಮಕ್ಕಳು, ಅಕ್ಕಪಕ್ಕದ ಮನೆಯವರು ಸೇರಿ 14 ಜನ. ಶಾಲೆಯಲ್ಲಿ ನೋಡಿದಾರೆ, ಯೂಟ್ಯೂಬಲ್ಲಿ ನೋಡಿದಾರೆ, ಬೇಕೇ ಬೇಕು ಅಂತಾರೆ. ತಿಂಡಿ ಜವಾಬ್ದಾರಿ ನನಗೆ ಬಿದ್ದಿದೆ. ಬಿಕಾಂ ಓದಿರೋದ್ರಿಂದ ಲೆಕ್ಕ ಚೆನ್ನಾಗಿ ಇಡ್ತೀನಿ ಅನ್ನೋದು ಮನೆಯವರ ನಂಬಿಕೆ.

ಮಕ್ಕಳು ಕೊಟ್ಟ ಪಟ್ಟಿಯ ಮೊದಲನೇ ಐಟಂ ಏನು ಗೊತ್ತಾ? ಹೊಗೆ. ಬಾಯಿಂದ ಹೊಗೆ ಬರಬೇಕಂತೆ, ಮೂಗಿಂದ ಹೊಗೆ ಬರಬೇಕಂತೆ. ಅಲ್ಲಿಗೇ ನಾನು ನಿಲ್ಲಿಸಿದೆ. ಯಾಕಂತ ಮೊದಲು ಹೇಳಿಬಿಡ್ತೀನಿ. ಅಡುಗೆ ಆಮೇಲೆ.

2024ರ ಏಪ್ರಿಲ್ ನೆನಪಿದೆಯಾ? ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಸ್ಮೋಕ್ ಬಿಸ್ಕೆಟ್ ತಿಂದ ಒಬ್ಬ ಚಿಕ್ಕ ಹುಡುಗ ನೋವಿಂದ ಕಿರುಚಿಕೊಂಡ ವಿಡಿಯೊ ದೇಶದ ತುಂಬಾ ಓಡಾಡಿತು. ಆ ವಿಡಿಯೊ ನೋಡಿ ಪಕ್ಕದ ತಮಿಳುನಾಡಿನ ಆಹಾರ ಸುರಕ್ಷತಾ ಅಧಿಕಾರಿಗಳೂ ಎಚ್ಚರಿಕೆ ಕೊಟ್ಟರು. ಮುಂದಿನ ತಿಂಗಳು ಇನ್ನೊಂದು ಸುದ್ದಿ. ಬೆಂಗಳೂರಲ್ಲಿ 12 ವರ್ಷದ ಹುಡುಗಿ ಆರತಕ್ಷತೆಯಲ್ಲಿ ಸ್ಮೋಕ್ ಪಾನ್ ತಿಂದಳು. ಹೊಟ್ಟೆಯಲ್ಲಿ ರಂಧ್ರ ಆಗಿ ಆಪರೇಷನ್ ಮಾಡಬೇಕಾಯ್ತು.

ಆ ಹೊಗೆ ಬರೋದು ದ್ರವರೂಪದ ಸಾರಜನಕದಿಂದ, ಅಂದ್ರೆ ಲಿಕ್ವಿಡ್ ನೈಟ್ರೋಜನ್. ನಾವು ಉಸಿರಾಡೋ ಗಾಳಿಯಲ್ಲಿ ಹೆಚ್ಚುಪಾಲು ಇರೋದು ಸಾರಜನಕವೇ, ಅದು ವಿಷ ಅಲ್ಲ. ಆದರೆ ಅದನ್ನ ದ್ರವ ಮಾಡಿದಾಗ ಮೈನಸ್ 196 ಡಿಗ್ರಿ ತಣ್ಣಗಿರುತ್ತೆ. ತಾಗಿದ ಜಾಗ ಸುಟ್ಟ ಹಾಗೇ ಆಗುತ್ತೆ. ಇನ್ನೊಂದು ಅಪಾಯ, ಒಂದು ಲೀಟರ್ ದ್ರವ ಅನಿಲ ಆದಾಗ ಹತ್ತಿರ ಹತ್ತಿರ 700 ಲೀಟರ್ ಆಗುತ್ತೆ. ಒಂದೆರಡು ಚಮಚ ಹೊಟ್ಟೆಗೆ ಹೋಯ್ತು ಅಂದ್ಕೊಳ್ಳಿ. ಅಷ್ಟು ಗಾಳಿಗೆ ಮಗುವಿನ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ಪೂರ್ತಿ ಆವಿಯಾಗಿ ಹೋದಮೇಲೆ ತಿಂದ್ರೆ ತೊಂದರೆ ಇಲ್ಲ. ಆದ್ರೆ ಆಗ ಹೊಗೆಯೂ ಇರಲ್ಲ. ಅಂದ್ರೆ ಮಜಾ ಇರೋ ಹೊತ್ತೂ ಅಪಾಯ ಇರೋ ಹೊತ್ತೂ ಒಂದೇ! ಅದಕ್ಕೇ 2024ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಇದನ್ನ ಹೀಗೆ ತಿಂಡಿಗೆ ಹಾಕಿ ಕೊಡೋದನ್ನ ನಿಷೇಧ ಮಾಡಿದ್ರು.

ಹಾಗಾದ್ರೆ ಡ್ರೈ ಐಸ್ ತರೋಣ ಅಂತ ಯಾರೋ ಅಂದ್ರು. ಅದೂ ಬೇಡ. ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. 2024ರ ಮಾರ್ಚಲ್ಲಿ ಗುರುಗ್ರಾಮದ ಒಂದು ಹೋಟೆಲಲ್ಲಿ ಊಟ ಆದ್ಮೇಲೆ ಬಾಯಿಗೆ ಹಾಕ್ಕೊಳ್ಳೋಕೆ ಅಂತ ಇದನ್ನೇ ಕೊಟ್ಟು, ಐದು ಜನ ರಕ್ತ ಕಾರಿಕೊಂಡ್ರು. ದೊಡ್ಡೋರಿಗೇ ಗೊತ್ತಾಗಲಿಲ್ಲ, ಮಕ್ಕಳಿಗೆ ಸಕ್ಕರೆ ಯಾವುದು, ಐಸ್ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಎರಡನೇ ಐಟಂ ಬಣ್ಣ. ರಕ್ತ ಕೆಂಪಗಿರಬೇಕು, ರಾಕ್ಷಸ ಹಸಿರಾಗಿರಬೇಕು. 2024ರ ಮಾರ್ಚ್ 11ಕ್ಕೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಒಂದು ಲೆಕ್ಕ ಕೊಟ್ಟಿದ್ರು. ಪರೀಕ್ಷೆ ಮಾಡಿದ 171 ಗೋಬಿ ಮಂಚೂರಿ ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ, 25 ಬೊಂಬಾಯಿ ಮಿಠಾಯಿ ಸ್ಯಾಂಪಲ್‌ಗಳಲ್ಲಿ 15 ಅಸುರಕ್ಷಿತ. ಅದರಲ್ಲಿ ಸಿಕ್ಕ ರೋಡಮೈನ್-ಬಿ ಅನ್ನೋದು ಬಟ್ಟೆಗೆ ಹಾಕೋ ಬಣ್ಣ. ಅದಾದ್ಮೇಲೆ ಜೂನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕಬಾರದು ಅಂತ ಆಯ್ತು. ಸಂತೇಲಿ ಸಿಗೋ ಹೆಸರಿಲ್ಲದ ಬಣ್ಣದ ಪೊಟ್ಟಣ ತಂದು ಮನೇಲೇ ಹಾಕಿದ್ರೆ, ಹೊರಗಡೆ ಗೋಬಿ ಬೇಡ ಅಂತ ಮಕ್ಕಳಿಗೆ ಹೇಳಿದ್ದಕ್ಕೆ ಅರ್ಥ ಏನು ಬಂತು?

ಹಾಗಾಗಿ ನಾನು ಒಂದೇ ರೂಲ್ ಇಟ್ಟುಕೊಂಡೆ. ದಿನಾ ಮನೇಲಿ ತಿನ್ನೋ ಪದಾರ್ಥ ಮಾತ್ರ ತಟ್ಟೆಗೆ ಬರಬೇಕು. ಅದರ ಮುಖ ಮಾತ್ರ ಬದಲಾಗಬೇಕು. ಹೆದರಿಕೆ ಕಣ್ಣಿಗೆ, ಹೊಟ್ಟೆಗೆ ಅಲ್ಲ.

ಅಡುಗೆಮನೇಲಿ ಇದನ್ನೆಲ್ಲ ಮಾತಾಡ್ತಿದ್ದಾಗ ಅಜ್ಜಿ ಕೇಳ್ತಾ ಕೂತಿದ್ರು. "ಏನ್ರೋ ಇದು, ಹಿರೇರಿಗೆ ಎಡೆ ಇಟ್ಟು ಹತ್ತು ದಿನ ಆಗಿಲ್ಲ, ಆಗ್ಲೇ ದೆವ್ವದ ಹಬ್ಬ ಮಾಡ್ತೀರೇನು?" ಅಂದ್ರು. ಅವರು ಕೇಳಿದ್ದು ಸರಿಯಾಗೇ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೀಪಾವಳಿ ಅಂದ್ರೆ ಪಟಾಕಿಗಿಂತ ಮೊದಲು ಹಿರಿಯರ ಪೂಜೆ. ಹೊಸ ಬಟ್ಟೆ ಇಟ್ಟು, ಹೋಳಿಗೆ ಮಾಡಿ, ತೀರಿಹೋದವರಿಗೆ ಇಷ್ಟವಾದದ್ದನ್ನ ಎಡೆ ಇಡ್ತೀವಿ. ಆಮೇಲೇ ಮನೆಯವರ ಊಟ. ನಮ್ಮ ತಾತ ಹೋಗಿ ಎರಡು ವರ್ಷ. ಅಜ್ಜಿಗೆ ಸತ್ತವರು ಅಂದ್ರೆ ಹಲ್ಲು ಕಿರಿಯೋ ಬುರುಡೆ ಅಲ್ಲ, ಹೋಳಿಗೆಗೆ ತುಪ್ಪ ಜಾಸ್ತಿ ಕೇಳ್ತಿದ್ದ ತಾತ.

ನಾನು ಅಜ್ಜಿಗೆ ಹೇಳಿದ್ದು ಇಷ್ಟು. ಹ್ಯಾಲೋವೀನೂ ಶುರುವಾಗಿದ್ದು ಹೀಗೇ. ಐರ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿ ಶುರುವಾಗೋ ಹೊತ್ತಿಗೆ, ಸತ್ತವರು ಮನೆ ಹತ್ತಿರ ಬರ್ತಾರೆ ಅನ್ನೋ ನಂಬಿಕೆ ಇತ್ತು. ಇಂಗ್ಲೆಂಡಲ್ಲಿ ಬಡವರು, ಮಕ್ಕಳು ಮನೆಮನೆಗೆ ಹೋಗಿ ಸತ್ತವರ ಆತ್ಮಕ್ಕಾಗಿ ಪ್ರಾರ್ಥನೆ ಮಾಡೋರು, ಮನೆಯವರು ಚಿಕ್ಕ ಚಿಕ್ಕ ರೊಟ್ಟಿ ಥರದ ಕೇಕ್ ಕೊಡೋರು. ಮುಖ ಕೆತ್ತೋಕೆ ಮೊದಲು ಕುಂಬಳಕಾಯೂ ಇರಲಿಲ್ಲ, ಟರ್ನಿಪ್ ಗೆಡ್ಡೆ ಕೆತ್ತೋರು. ಅಮೆರಿಕಕ್ಕೆ ಹೋದ್ಮೇಲೆ ಅಲ್ಲಿ ಕುಂಬಳಕಾಯಿ ಧಾರಾಳ ಸಿಕ್ತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರು. "ಹಂಗಾರೆ ಅವರೂ ಎಡೆ ಇಡೋ ಮಂದೀನೆ" ಅಂದ್ರು. ಆಮೇಲೆ ಒಂದು ಷರತ್ತು ಹಾಕಿದ್ರು. ಏನೇ ಮಾಡಿದ್ರೂ ಕಣ್ಣು ಮೂಗು ಬರೆಯೋ ಮುಂಚೆ ಒಂದು ತಟ್ಟೆ ತಾತನ ಫೋಟೊ ಮುಂದೆ ಇಡಬೇಕು. ಒಪ್ಪಿಕೊಂಡ್ವಿ. ಹ್ಯಾಲೋವೀನ್ ಯಾಕೆ, ನಮ್ಮದಲ್ಲ ಅಂತ ಕೇಳೋರಿಗೆ ನನ್ನ ಹತ್ರ ಇರೋ ಉತ್ತರ ಆ ತಟ್ಟೆ.

ಸರಿ, ಈಗ ಅಡುಗೆ. ಐದು ಐಟಂ, ಬರ್ಕೊಳ್ಳಿ.

ಒಂದು, ಮಂಡಕ್ಕಿ ಬುರುಡೆ. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಪಾರ್ಟಿ ಪಾರ್ಟಿನೇ ಅಲ್ಲ. ಒಂದು ಕಪ್ ಬೆಲ್ಲ, ಕಾಲು ಕಪ್ ನೀರು, ಕುದಿಸಿ ಸೋಸಿ ಮತ್ತೆ ಪಾಕ ತೆಗೀರಿ. ಒಂದು ಹನಿ ನೀರಿಗೆ ಬಿಟ್ಟು ಉಂಡೆ ಮಾಡಿ ತಟ್ಟೆಗೆ ಹಾಕಿದ್ರೆ ಟಣ್ ಅನ್ನಬೇಕು. ಐದು ಕಪ್ ಗರಿಗರಿ ಮಂಡಕ್ಕಿ ಹಾಕಿ ಕಲಸಿ. ಕೈಗೆ ನೀರು ಹಚ್ಚಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಿ. ಮೇಲೆ ದುಂಡಗೆ, ಕೆಳಗೆ ಎರಡು ಬೆರಳಲ್ಲಿ ಒತ್ತಿ ದವಡೆ. ಹೆಬ್ಬೆರಳಿಂದ ಎರಡು ಗುಳಿ ಮಾಡಿ ಕಪ್ಪು ಒಣದ್ರಾಕ್ಷಿ ಕೂರಿಸಿ. ಬೆಲ್ಲದ ಬಣ್ಣಕ್ಕೆ ಮಣ್ಣಿಂದ ಅಗೆದು ತೆಗೆದ ಹಳೇ ಬುರುಡೆ ಥರಾನೇ ಕಾಣುತ್ತೆ. ಬಿಸಿ ಪಾಕ ಕೈಗೆ ಅಂಟಿದ್ರೆ ಬಿಡಲ್ಲ, ಹಾಗಾಗಿ ಪಾಕದ ಕೆಲಸ ದೊಡ್ಡೋರದು, ಕಣ್ಣು ಇಡೋ ಕೆಲಸ ಮಕ್ಕಳದು.

ಎರಡು, ಮಾಟಗಾತಿ ಬೆರಳು. ಇದು ಉದ್ದ ಬಿಟ್ಟ ಕೋಡುಬಳೆ, ಅಷ್ಟೇ. ಎರಡು ಕಪ್ ಅಕ್ಕಿಹಿಟ್ಟು, ಅರ್ಧ ಕಪ್ ಹುರಿಗಡಲೆ ಪುಡಿ, ಖಾರದ ಪುಡಿ, ಉಪ್ಪು, ಸ್ವಲ್ಪ ಓಂಕಾಳು, ಎರಡು ಚಮಚ ಬಿಸಿ ಬೆಣ್ಣೆ. ದೋಸೆಗೆ ಹೆಸರಾದ ಊರಲ್ಲಿ ಬೆಣ್ಣೆಗೇನು ಬರ! ಬಿಸಿನೀರಲ್ಲಿ ಗಟ್ಟಿಯಾಗಿ ಕಲಸಿ, ಕಿರುಬೆರಳಷ್ಟು ಸಣ್ಣಗೆ ಹೊಸೆದು, ಗೆಣ್ಣಿನ ಜಾಗದಲ್ಲಿ ಚಾಕುವಿಂದ ಮೂರು ಗೆರೆ ಎಳೀರಿ. ತುದಿಗೆ ಒಂದು ಹನಿ ನೀರು ಸವರಿ ಅರ್ಧ ಶೇಂಗಾ ಒತ್ತಿದ್ರೆ ಉಗುರು. ದಪ್ಪ ಮಾಡಬೇಡಿ, ಒಳಗೆ ಬೇಯಲ್ಲ, ಎಣ್ಣೆಯಲ್ಲಿ ಸಿಡಿಯೋ ಸಾಧ್ಯತೇನೂ ಇದೆ. ಸಣ್ಣ ಉರಿಯಲ್ಲಿ ಗುಳ್ಳೆ ನಿಲ್ಲೋವರೆಗೂ ಕರೀರಿ. ಯಾವ ಮಗುವಿಗಾದ್ರೂ ಶೇಂಗಾ ಆಗಲ್ವಾ ಅಂತ ಮೊದಲೇ ಅಪ್ಪ ಅಮ್ಮನ್ನ ಕೇಳಿಕೊಳ್ಳಿ. ಹಾಗಿದ್ರೆ ಆ ಮನೆಯ ಪಾಲಿಗೆ ಉಗುರಿಲ್ಲದ ಬೆರಳು ಬೇರೆ ಎಣ್ಣೆಯಲ್ಲಿ ಕರೀರಿ.

ಮೂರು, ಲೋಟದ ದೆವ್ವ. ಚಿಕ್ಕ ಸ್ಟೀಲ್ ಲೋಟಕ್ಕೆ ಎಣ್ಣೆ ಸವರಿ ಅರ್ಧದಷ್ಟು ಇಡ್ಲಿ ಹಿಟ್ಟು ಹಾಕಿ ಬೇಯಿಸಿ. ಆರಿದ ಮೇಲೆ ಬೋರಲು ಹಾಕಿದ್ರೆ ಬಿಳಿ ಸೀರೆ ಉಟ್ಟು ನಿಂತ ದೆವ್ವ. ಕಣ್ಣಿಗೆ ಕರಿಎಳ್ಳು, ಬಾಯಿಗೆ ಕಪ್ಪು ದ್ರಾಕ್ಷಿಯ ಸಿಪ್ಪೆ. ಕೆಳಗೆ ರಕ್ತದ ಮಡು ಬೇಕಲ್ಲ, ಅದು ಬ್ಯಾಡಗಿ ಮೆಣಸಿನಕಾಯಿ ಕೆಂಪು ಚಟ್ನಿ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಾಗಿರೋದೇ ಖಾರ ಕಮ್ಮಿ, ಬಣ್ಣ ಜಾಸ್ತಿ ಅಂತ. ಬೀಜ ತೆಗೆದು ನೆನೆಸಿ ರುಬ್ಬಿದ್ರೆ ಪೊಟ್ಟಣದ ಬಣ್ಣ ಯಾಕೆ ಬೇಕು?

ನಾಲ್ಕು, ಕಣ್ಣುಗುಡ್ಡೆ. ಎರಡು ಕಪ್ ಹಸಿ ಕೊಬ್ಬರಿ ತುರಿ, ಅದರಲ್ಲೂ ಬಿಳಿ ಭಾಗ ಮಾತ್ರ. ಅರ್ಧ ಕಪ್ ಸಕ್ಕರೆ, ಕಾಲು ಕಪ್ ಹಾಲು. ತಳ ಬಿಡೋವರೆಗೂ ಕೈಯಾಡಿಸಿ ಉಂಡೆ ಕಟ್ಟಿ. ನಡುವೆ ಕಪ್ಪು ದ್ರಾಕ್ಷಿ, ಬೀಟ್‌ರೂಟ್ ರಸದಲ್ಲಿ ಹಲ್ಲುಕಡ್ಡಿ ಅದ್ದಿ ಕೆಂಪು ನರ ಎಳೀರಿ. ದ್ರಾಕ್ಷಿ ಮಾತ್ರ ಇಡಿಯಾಗಿ ಇಡಬೇಡಿ. ಐದು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಅದು ಬಿರಡೆ ಥರ ಕೂತುಬಿಡುತ್ತೆ. ಅವರಿಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಇದು ಕೆಡೋ ತಿಂಡಿ, ಅವತ್ತೇ ಮಾಡಿ ಅವತ್ತೇ ಮುಗಿಸಿ.

ಐದು, ಮಂತ್ರದ ನೀರು. ಹಿತ್ತಿಲಲ್ಲಿ ನೀಲಿ ಶಂಖಪುಷ್ಪದ ಬಳ್ಳಿ ಇದ್ರೆ, ಔಷಧಿ ಹೊಡೀದೆ ಇರೋ ಹತ್ತು ಹೂವು ತೊಳೆದು ಬಿಸಿನೀರಿಗೆ ಹಾಕಿ. ನೀರು ಕಡುನೀಲಿ ಆಗುತ್ತೆ. ಸೋಸಿ, ಸಕ್ಕರೆ ಹಾಕಿ ತಣ್ಣಗೆ ಮಾಡಿ. ಮಕ್ಕಳ ಮುಂದೆ ಲೈಟ್ ಆರಿಸಿ, ಏನಾದ್ರೂ ಮಂತ್ರ ಗೊಣಗಿ, ನಿಂಬೆಹಣ್ಣು ಹಿಂಡಿ. ಕಣ್ಣೆದುರೇ ನೇರಳೆ ಬಣ್ಣ! ಹೂವಿನ ಬಣ್ಣಕ್ಕೆ ಹುಳಿ ಸೇರಿದ್ರೆ ಹಾಗಾಗುತ್ತೆ. ಹಾಗಂತ ಕಂಡ ಕಂಡ ಹೂವೆಲ್ಲ ಹಾಕೋ ಹಾಗಿಲ್ಲ. ಕಣಗಿಲೆ ಗಿಡ ಪೂರ್ತಿ ವಿಷ. ಮುಳ್ಳುಮುಳ್ಳಾಗಿ ನೋಡೋಕೆ ದೆವ್ವದ ಥರ ಇರೋ ದತ್ತೂರಿ ಕಾಯಿಯೂ ವಿಷ. ಅಲಂಕಾರಕ್ಕೂ ಅವನ್ನ ತಟ್ಟೆ ಹತ್ತಿರ ತರಬೇಡಿ.

ಇನ್ನು ಹೊಗೆ. ಮಕ್ಕಳಿಗೆ ಮಾತು ಕೊಟ್ಟಿದ್ದೀನಿ, ಹೊಗೆ ಬರುತ್ತೆ ಅಂತ. ಕತ್ತಲೆ ಕೋಣೆಗೆ ಬಿಸಿ ಇಡ್ಲಿ ಪಾತ್ರೆ ತಂದಿಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಚ್ಚಳ ತೆಗೀರಿ. ಬೆಳಕಲ್ಲಿ ಹಬೆ ಎದ್ದು ಬರೋದನ್ನ ನೋಡಿದ್ರೆ ಸಿನಿಮಾ ಸೀನ್ ಇದ್ದಂಗೆ. ಮಕ್ಕಳನ್ನ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ, ಮುಚ್ಚಳವನ್ನ ನಿಮ್ಮ ಮುಖದಿಂದ ಆಚೆ ಕಡೆಗೆ ತೆಗೀರಿ. ಪರಿಮಳ ಬೇಕಂದ್ರೆ ಬಾಗಿಲ ಹೊರಗೆ ಒಂದು ಚಿಪ್ಪಲ್ಲಿ ಲೋಬಾನ ಹಾಕಿ. ಅದು ಮೂಗಿಗೆ ಮಾತ್ರ, ತಟ್ಟೆಗಲ್ಲ.

ಅಲಂಕಾರಕ್ಕೆ ಏನೂ ಕೊಂಡಿಲ್ಲ. ಕಟ್ಟುತ್ತಿರೋ ಮನೆ ಮುಂದೆ ದೃಷ್ಟಿಗೆ ಅಂತ ಕಣ್ಣು, ಮೀಸೆ, ಕೋರೆಹಲ್ಲು ಬರೆದ ಬೂದುಗುಂಬಳಕಾಯಿ ನೇತಾಡ್ತಿರುತ್ತಲ್ಲ, ಅದಕ್ಕಿಂತ ಹೆದರಿಸೋ ಮುಖ ಇನ್ಯಾವುದಿದೆ? ಇದ್ದಿಲಲ್ಲಿ ಮುಖ ಬರೆದು ಬಾಗಿಲಿಗೆ ಕಟ್ಟಿ. ಮರುದಿನ ರಸ್ತೇಲಿ ಒಡೀಬೇಡಿ, ಬೈಕ್ ಜಾರುತ್ತೆ. ಸಿಪ್ಪೆ ತೆಗೆದು ಸಾಂಬಾರಿಗೆ ಹಾಕಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೀತೀವಿ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲ ಮೇಲೆ ಇದ್ದ ಬರಹ ಅದು. ರಾತ್ರಿ ಬಂದು ಬಾಗಿಲು ಬಡಿಯೋ ದೆವ್ವ ಅದನ್ನ ಓದಿ ವಾಪಸ್ ಹೋಗಲಿ ಅಂತ. ಆ ಕಥೆ ಹೇಳೋ ಕೆಲಸ ಅಮ್ಮನದು.

ಕೊನೆಗೆ ಲೆಕ್ಕ. ಈ ಸಲ ದೀಪಾವಳಿ ಅಕ್ಟೋಬರ್ 22ರ ಬಲಿಪಾಡ್ಯಮಿಗೆ ಮುಗಿದಿದೆ. ಅಕ್ಕಿಹಿಟ್ಟು, ಬೆಲ್ಲ, ಹುರಿಗಡಲೆ, ಶೇಂಗಾ, ಎಣ್ಣೆ ಎಲ್ಲ ಡಬ್ಬಿಯಲ್ಲಿ ಉಳಿದೇ ಇದೆ. ಹೊಸದಾಗಿ ತರಬೇಕಾಗಿದ್ದು ಮಂಡಕ್ಕಿ, ತೆಂಗಿನಕಾಯಿ, ದ್ರಾಕ್ಷಿ, ಬೀಟ್‌ರೂಟ್, ನಿಂಬೆಹಣ್ಣು, ಒಂದು ಬೂದುಗುಂಬಳ. ಕಾಮರ್ಸ್ ಭಾಷೇಲಿ ಇದನ್ನ ಮಾರ್ಜಿನಲ್ ಕಾಸ್ಟ್ ಅಂತಾರೆ. ಅಜ್ಜಿ ಭಾಷೇಲಿ "ಇದ್ದುದ್ರಾಗ ಮಾಡೋದು".

ಬುರುಡೆ, ಬೆರಳು ಎರಡನ್ನೂ ಗುರುವಾರವೇ ಮಾಡಿ ಡಬ್ಬಿಗೆ ಹಾಕಿ. ಇಡ್ಲಿ, ಚಟ್ನಿ, ಕೊಬ್ಬರಿ ಉಂಡೆ ಶುಕ್ರವಾರ ಸಂಜೆ. ಒಂಬತ್ತಕ್ಕೆ ಮಕ್ಕಳನ್ನ ಮಲಗಿಸಿ. ಬೆಳಗಾದ್ರೆ ನವೆಂಬರ್ 1, ರಾಜ್ಯೋತ್ಸವ, ಧ್ವಜ ಹಾರಿಸೋಕೆ ಶಾಲೆಗೆ ಹೋಗಬೇಕು.

ಮಾಡಿದ್ರೆ ಫೋಟೊ ಕಳಿಸಿ. ನಿಮ್ಮ ಮನೇಲಿ ಯಾವ ತಿಂಡಿಗೆ ಮುಖ ಬರೆದ್ರಿ ಅಂತ ನೋಡೋ ಆಸೆ ಇದೆ. ಮುಂದಿನ ವಾರ ಸಿಗೋಣ, ನಮಸ್ಕಾರ.