ಸಿಇಟಿ ತಯಾರಿ: ನಮ್ಮ ಮಕ್ಕಳು ಎಲ್ಲಿಂದ ಆರಂಭಿಸಬೇಕು?

(ಸಂಸ್ಥೆಯ ಶೈಕ್ಷಣಿಕ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ತಯಾರಿ ಕುರಿತು ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಭಾಷಾ ಶಿಕ್ಷಕ. ಉರ್ದು ಮತ್ತು ಕನ್ನಡ ಕಲಿಸುವವನು. ಭೌತಶಾಸ್ತ್ರದ ಲೆಕ್ಕ ಬಿಡಿಸಿ ತೋರಿಸುವುದು ನನ್ನ ಕೆಲಸವಲ್ಲ. ಆದರೆ ನಮ್ಮ ಮಕ್ಕಳು ಈ ಪರೀಕ್ಷೆಯಲ್ಲಿ ಎಲ್ಲಿ ಎಡವುತ್ತಾರೆ ಎಂಬುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಬಹಳ ಸಲ ಅವರು ಎಡವುವುದು ಲೆಕ್ಕದಲ್ಲಿ ಅಲ್ಲ, ಮಾಹಿತಿಯಲ್ಲಿ, ಭಾಷೆಯಲ್ಲಿ ಮತ್ತು ಕಾಗದಪತ್ರದಲ್ಲಿ. ಆದ್ದರಿಂದ ಈ ಮೂರು ವಿಷಯಗಳಿಗೇ ಇಂದು ಹೆಚ್ಚು ಸಮಯ ಕೊಡುತ್ತೇನೆ.

ಪಾಲಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸರ್, ನಮ್ಮ ಹುಡುಗಗ ಸಿಇಟಿ ಬರಿಸಬೇಕಂತೀವ್ರಿ, ಎಷ್ಟು ರೊಕ್ಕ ಬೇಕಾಗ್ತದ್ರಿ?" ರೊಕ್ಕದ ಪ್ರಶ್ನೆ ಆಮೇಲೆ ಬರಲಿ. ಮೊದಲು ಈ ಪರೀಕ್ಷೆ ಎಂದರೇನು ಎಂದು ತಿಳಿಯೋಣ.

ಸಿಇಟಿ ಎಂದರೇನು?

ನಮ್ಮ ರಾಜ್ಯದಲ್ಲಿ ವೃತ್ತಿ ಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ 1994ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಖಾಸಗಿ ಕಾಲೇಜುಗಳಲ್ಲಿ ಡೊನೇಷನ್ ಕೊಡುವ ಶಕ್ತಿಯೇ ಅರ್ಹತೆಯಾಗಿತ್ತು. ಬಡವರ ಮನೆಯ ಮಗುವಿಗೂ ರ‍್ಯಾಂಕಿನ ಬಲದಿಂದ ಸೀಟು ಸಿಗುವ ದಾರಿಯನ್ನು ಈ ಪರೀಕ್ಷೆ ತೆರೆಯಿತು. ಈಗ ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ.

ಇಂಜಿನಿಯರಿಂಗ್‌ಗೆ ಮೂರು ವಿಷಯಗಳು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಗಳು ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡೂ ವರ್ಷದ ಪಾಠಗಳಿಂದ ಬರುತ್ತವೆ.

ಇಲ್ಲಿ ಬಹಳ ಜನ ಅರಿಯದ ಒಂದು ಮಾತಿದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ ಮಾತ್ರ. ಉಳಿದ ಅರ್ಧ ದ್ವಿತೀಯ ಪಿಯುಸಿಯ ಈ ಮೂರು ವಿಷಯಗಳ ಅಂಕ. ಒಂದು ಉದಾಹರಣೆ ಲೆಕ್ಕ ಮಾಡೋಣ. ಒಬ್ಬ ವಿದ್ಯಾರ್ಥಿನಿ ಪಿಯುಸಿಯಲ್ಲಿ 300ಕ್ಕೆ 270 ತೆಗೆದಳು, ಅಂದರೆ ಶೇ. 90. ಸಿಇಟಿಯಲ್ಲಿ 180ಕ್ಕೆ 72, ಅಂದರೆ ಶೇ. 40. ಎರಡರ ಸರಾಸರಿ 65. ಇನ್ನೊಬ್ಬ ವಿದ್ಯಾರ್ಥಿ ಪಿಯುಸಿಯಲ್ಲಿ 210, ಅಂದರೆ ಶೇ. 70. ಸಿಇಟಿಯಲ್ಲಿ 90, ಅಂದರೆ ಶೇ. 50. ಸರಾಸರಿ 60. ಪ್ರವೇಶ ಪರೀಕ್ಷೆಯಲ್ಲಿ ಹಿಂದಿದ್ದ ಹುಡುಗಿ ರ‍್ಯಾಂಕಿನಲ್ಲಿ ಮುಂದೆ ಹೋದಳು.

ಕೋವಿಡ್ ಕಾರಣದಿಂದ ಪಿಯುಸಿ ಪರೀಕ್ಷೆ ನಡೆಯದ 2021ರಲ್ಲಿ ಮಾತ್ರ ಸಿಇಟಿ ಅಂಕವನ್ನೇ ಪೂರ್ತಿಯಾಗಿ ಹಿಡಿದರು. ಅದನ್ನು ನೋಡಿ "ಕಾಲೇಜಿನ ಪಾಠ ಬೇಡ, ಕೋಚಿಂಗ್ ಒಂದೇ ಸಾಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಟ್ಟಣದ ಕೋಚಿಂಗ್‌ಗೆ ಕಳಿಸಲಾಗದ ತಂದೆ ತಾಯಿಗೆ ಇದು ಸಮಾಧಾನದ ವಿಷಯ. ಅರ್ಧ ರ‍್ಯಾಂಕು ಕಾಲೇಜಿನ ಬೆಂಚಿನ ಮೇಲೆಯೇ ಸಿಗುತ್ತದೆ.

ನಮ್ಮ ನಿಜವಾದ ಕೊರತೆ

ಕಹಿಯಾದರೂ ಒಂದು ಸತ್ಯ ಹೇಳಬೇಕು. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 90 ದಾಟಿತ್ತು. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ ಮೇಲೆ ನಕಲಿನ ಆಸರೆ ಹೋಯಿತು. ಆಸರೆ ಹೋದಾಗ ಗೋಡೆ ಎಷ್ಟು ಗಟ್ಟಿ ಇತ್ತು ಎಂಬುದು ಎಲ್ಲರಿಗೂ ಕಂಡಿತು.

ಹತ್ತನೇ ತರಗತಿಯ ಬೀಜಗಣಿತ, ತ್ರಿಕೋನಮಿತಿ ಬಾರದ ಮಗುವನ್ನು ವಿಜ್ಞಾನ ವಿಭಾಗಕ್ಕೆ ಸೇರಿಸಿ, ಎರಡನೇ ವರ್ಷದ ಕೊನೆಗೆ ಸಿಇಟಿ ಪುಸ್ತಕ ಕೊಡಿಸಿದರೆ ಏನೂ ಆಗುವುದಿಲ್ಲ. ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿದರೆ ಸಿಇಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಬರುತ್ತದೆ. ಆ ಮೂರು ನಾಲ್ಕು ವಾರದಲ್ಲಿ ಪುನರಾವರ್ತನೆ ಮಾಡಬಹುದು, ಹೊಸದಾಗಿ ಕಲಿಯಲಾಗದು. ಆದ್ದರಿಂದ ಸಿಇಟಿ ತಯಾರಿ ಒಂಬತ್ತನೇ ತರಗತಿಯ ಗಣಿತದಿಂದ ಆರಂಭವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾಷೆಯ ಗೋಡೆ

ನಮ್ಮ ಎಷ್ಟೋ ಮಕ್ಕಳು ಹತ್ತನೇ ತರಗತಿಯವರೆಗೆ ಉರ್ದು ಮಾಧ್ಯಮ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ, ವಾಡಿಗೋ ಯಾದಗಿರಿಗೋ ಕಲಬುರಗಿಗೋ ರೈಲು ಹತ್ತಿ ಹೋಗಿ ಇಂಗ್ಲಿಷ್‌ನಲ್ಲಿ ವಿಜ್ಞಾನ ಓದುತ್ತಾರೆ. ಮೊದಲ ಮೂರು ತಿಂಗಳು ಅವರಿಗೆ ಪಾಠ ಅರ್ಥವಾಗುವುದಿಲ್ಲ. "ನನಗೆ ಬುದ್ಧಿ ಇಲ್ಲ" ಎಂದುಕೊಳ್ಳುತ್ತಾರೆ. ಬುದ್ಧಿ ಇದೆ, ಶಬ್ದ ಇಲ್ಲ ಅಷ್ಟೇ.

ಉರ್ದುವಿನಲ್ಲಿ 'ಖುವ್ವತ್' ಎಂದು ಓದಿದ್ದು ಕನ್ನಡದಲ್ಲಿ 'ಬಲ', ಇಂಗ್ಲಿಷ್‌ನಲ್ಲಿ 'ಫೋರ್ಸ್'. 'ಇಸ್ರಾ' ಎಂದರೆ 'ವೇಗೋತ್ಕರ್ಷ', ಅದೇ 'ಆಕ್ಸಿಲರೇಶನ್'. 'ಮುಸಲ್ಲಸ್' ಎಂದರೆ 'ತ್ರಿಭುಜ', 'ಟ್ರಯಾಂಗಲ್'. 'ಜಾವಿಯಾ' ಎಂದರೆ 'ಕೋನ', 'ಆಂಗಲ್'. 'ಮಸಾವಾತ್' ಎಂದರೆ 'ಸಮೀಕರಣ', 'ಈಕ್ವೇಶನ್'. 'ಸಾಲಿಮಾ' ಎಂದರೆ 'ಅಣು', 'ಮಾಲಿಕ್ಯೂಲ್'. ವಸ್ತು ಒಂದೇ, ಹೆಸರು ಮೂರು. ನಮ್ಮ ಮಗುವಿಗೆ ಗೊತ್ತಿರುವ ವಿಷಯವೇ ಹೊಸ ಬಟ್ಟೆ ಹಾಕಿಕೊಂಡು ಬಂದಾಗ ಗುರುತು ಸಿಗುವುದಿಲ್ಲ.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಒಂದು ನೂರು ಪುಟದ ನೋಟ್ ಬುಕ್ ತೆಗೆದುಕೊಳ್ಳಿ. ಪುಟಕ್ಕೆ ಮೂರು ಕಾಲಂ ಎಳೆಯಿರಿ: ಉರ್ದು, ಕನ್ನಡ, ಇಂಗ್ಲಿಷ್. ಒಂಬತ್ತು ಮತ್ತು ಹತ್ತನೇ ತರಗತಿಯ ಪ್ರತಿ ಪಾಠದಿಂದ ಹತ್ತು ಶಬ್ದ ಬರೆಯಿರಿ. ಹತ್ತನೇ ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆಯಲ್ಲಿ ದಿನಕ್ಕೆ ಇಪ್ಪತ್ತು ಶಬ್ದ ಓದಿ, ಒಬ್ಬರಿಗೊಬ್ಬರು ಕೇಳಿಕೊಳ್ಳಿ. ಕಾಲೇಜು ಆರಂಭವಾದಾಗ ನೀವು ಬೇರೆಯೇ ವಿದ್ಯಾರ್ಥಿಯಾಗಿರುತ್ತೀರಿ.

ನಮ್ಮ ಭಾಷೆಯಲ್ಲಿ ವಿಜ್ಞಾನವೇ ಇಲ್ಲ ಎಂದು ಯಾರೂ ಕುಗ್ಗಬೇಕಾಗಿಲ್ಲ. ನಮ್ಮ ಈ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯಕೀಯ, ಇಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸಿದರು. ಅದಕ್ಕೆ ಬೇಕಾದ ಪಠ್ಯಗಳನ್ನು, ಪಾರಿಭಾಷಿಕ ಶಬ್ದಗಳನ್ನು ಸಿದ್ಧಪಡಿಸಲು ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯೇ ಇತ್ತು. ಇಂದು ಪದವಿಯ ಭಾಷೆ ಇಂಗ್ಲಿಷ್ ಆಗಿದೆ. ಅದನ್ನು ಕಲಿಯೋಣ. ಆದರೆ ತಾಯ್ನುಡಿಯಲ್ಲಿ ಅರ್ಥ ಮಾಡಿಕೊಂಡದ್ದನ್ನು ಎಸೆಯುವುದು ಬೇಡ.

ಸಿಇಟಿ ಪ್ರಶ್ನೆಪತ್ರಿಕೆಗೆ ಕನ್ನಡ ಆವೃತ್ತಿಯೂ ಇರುತ್ತದೆ. ರಾಷ್ಟ್ರಮಟ್ಟದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡ, ಉರ್ದು ಸೇರಿ 13 ಭಾಷೆಗಳಲ್ಲಿ ನಡೆಸುತ್ತಿದ್ದಾರೆ. ಸುರತ್ಕಲ್‌ನ ಎನ್.ಐ.ಟಿ.ಯಂಥ ಸಂಸ್ಥೆಗಳಿಗೆ ಆ ಪರೀಕ್ಷೆಯೇ ಬಾಗಿಲು. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಎಂಬುದು ನೆನಪಿರಲಿ.

ಓದುವ ಕ್ರಮ

ಒಂದು, ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕವೇ ಮೂಲ. ನಮ್ಮ ಪಿಯುಸಿ ವಿಜ್ಞಾನದ ಪಠ್ಯ ಅದೇ. ಅದರ ಪ್ರತಿ ಉದಾಹರಣೆ ಲೆಕ್ಕವನ್ನು ಉತ್ತರ ಮುಚ್ಚಿ ಬಿಡಿಸಿರಿ. ದಪ್ಪ ಗೈಡುಗಳನ್ನು ಕೊಂಡು ಅಲಂಕಾರಕ್ಕೆ ಇಡಬೇಡಿ. ಯಾವ ಅಧ್ಯಾಯ ಪಠ್ಯದಲ್ಲಿದೆ, ಯಾವುದನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಪ್ರತಿ ವರ್ಷ ನೋಡಿಕೊಳ್ಳಿ. 2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ರಾಜ್ಯದಾದ್ಯಂತ ಗಲಾಟೆಯಾಯಿತು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು.

ಎರಡು, ಪ್ರಥಮ ಪಿಯುಸಿಯನ್ನು ಅಲಕ್ಷಿಸಬೇಡಿ. ಆ ವರ್ಷದ ಅಂಕ ರ‍್ಯಾಂಕಿಗೆ ಸೇರುವುದಿಲ್ಲ ಎಂದು ಮಕ್ಕಳು ಹಾಯಾಗಿರುತ್ತಾರೆ. ಆದರೆ ಪ್ರಶ್ನೆಗಳು ಸೇರುತ್ತವೆ. ದಸರಾ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಆ ಪಾಠಗಳನ್ನೇ ಮತ್ತೆ ಓದಿ.

ಮೂರು, ಹಳೆಯ ಪ್ರಶ್ನೆಪತ್ರಿಕೆಗಳು. ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಕೀ ಉತ್ತರದೊಂದಿಗೆ ಉಚಿತವಾಗಿ ಸಿಗುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ. ಮೊದಲ ಸುತ್ತಿನಲ್ಲಿ ಸುಲಭವಾದವು, ಎರಡನೇ ಸುತ್ತಿನಲ್ಲಿ ಲೆಕ್ಕ ಬೇಕಾದವು. ಕೊನೆಯ ಐದು ನಿಮಿಷ ಉಳಿದ ವೃತ್ತಗಳಿಗೆ. ಗೊತ್ತಿಲ್ಲದ 12 ಪ್ರಶ್ನೆ ಖಾಲಿ ಬಿಟ್ಟರೆ ಸಿಗುವುದು ಸೊನ್ನೆ. ಗುರುತು ಹಾಕಿದರೆ ಸರಾಸರಿ ಮೂರಾದರೂ ಸರಿಯಾಗುವ ಸಂಭವವಿದೆ.

ನಾಲ್ಕು, ತಪ್ಪುಗಳ ಪುಸ್ತಕ. ಪ್ರತಿ ಅಭ್ಯಾಸ ಪರೀಕ್ಷೆಯ ನಂತರ ಎಲ್ಲಿ ತಪ್ಪಾಯಿತು, ಏಕೆ ತಪ್ಪಾಯಿತು ಎಂದು ಎರಡು ಸಾಲು ಬರೆದಿಡಿ. ಸೂತ್ರ ಮರೆತದ್ದೇ? ಪ್ರಶ್ನೆ ಸರಿಯಾಗಿ ಓದದ್ದೇ? ಕೂಡಿಸುವಾಗ ತಪ್ಪಿದ್ದೇ? ಒಂದು ತಿಂಗಳಲ್ಲಿ ನಿಮ್ಮ ರೋಗ ನಿಮಗೇ ತಿಳಿಯುತ್ತದೆ.

ಐದು, ರಂಜಾನ್. 2025ರಲ್ಲಿ ರಂಜಾನ್ ತಿಂಗಳೂ ಪಿಯುಸಿ ಪರೀಕ್ಷೆಯೂ ಮಾರ್ಚ್‌ನಲ್ಲಿ ಒಟ್ಟಿಗೇ ಬಂದವು. ಮುಂದಿನ ವರ್ಷಗಳಲ್ಲಿ ಈ ತಿಂಗಳು ಫೆಬ್ರವರಿ, ಜನವರಿಗೆ ಸರಿಯುತ್ತ ಹೋಗುತ್ತದೆ. ಅದೂ ಪೂರ್ವಸಿದ್ಧತೆಯ ಕಾಲವೇ. ಸಹರಿಯ ನಂತರದ ಎರಡು ಗಂಟೆ ಮನಸ್ಸು ಶಾಂತವಾಗಿರುತ್ತದೆ. ಗಣಿತವನ್ನು ಆಗ ಇಟ್ಟುಕೊಳ್ಳಿ. ಸಂಜೆಯ ದಣಿವಿನಲ್ಲಿ ಬರೀ ಓದುವ ಕೆಲಸ ಇರಲಿ. ಮನೆಯ ಹೆಣ್ಣುಮಕ್ಕಳಿಗೆ ಇಫ್ತಾರ್ ಕೆಲಸದ ಹೊರೆ ಪರೀಕ್ಷೆಯ ವರ್ಷವಾದರೂ ಕಡಿಮೆ ಮಾಡಬೇಕೆಂದು ತಾಯಂದಿರಲ್ಲಿ, ಅವರಿಗಿಂತ ಹೆಚ್ಚಾಗಿ ಅಣ್ಣತಮ್ಮಂದಿರಲ್ಲಿ ನನ್ನ ವಿನಂತಿ.

ಕಾಗದಪತ್ರ

ಈಗ ಪಾಲಕರು ಗಮನವಿಟ್ಟು ಕೇಳಬೇಕು. ಮಗು ಎರಡು ವರ್ಷ ದುಡಿದು ಗಳಿಸಿದ್ದನ್ನು ಒಂದು ಕಾಗದ ಕಳೆಯಬಹುದು.

ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಇದೆ. ಇದಕ್ಕೆ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರು ಕೊಡುತ್ತಾರೆ. ಚಿತ್ತಾಪುರ, ಸೇಡಂ, ಚಿಂಚೋಳಿ ಭಾಗದವರಿಗೆ ಆ ಕಚೇರಿ ಸೇಡಂನಲ್ಲಿದೆ.

ಪ್ರವರ್ಗ 2ಬಿಗೆ ಸೇರಿದವರು ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆಯಬೇಕು. ನಮ್ಮಲ್ಲಿ ನದಾಫ, ಪಿಂಜಾರ ಸಮಾಜದವರು ಪ್ರವರ್ಗ 1ರಲ್ಲಿ ಬರುತ್ತಾರೆ. ಅವರು ತಪ್ಪಿ 2ಬಿ ಎಂದು ಬರೆಸಬಾರದು. ಈ ಪ್ರವರ್ಗದವರಿಗೆ ಪಿಯುಸಿ ಮೂರು ವಿಷಯಗಳಲ್ಲಿ ಶೇ. 40 ಇದ್ದರೆ ಅರ್ಹತೆ. ಸಾಮಾನ್ಯ ವರ್ಗಕ್ಕೆ ಶೇ. 45.

ಗ್ರಾಮೀಣ ಮೀಸಲಾತಿ ಶೇ. 15. ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ನಾಲವಾರದಲ್ಲಿ ಓದಿದ ಮಗುವಿಗೆ ಇದು ಸಿಗುತ್ತದೆ. ಆದರೆ ಎಂಟನೇ ತರಗತಿಗೆ ವಾಡಿ ಅಥವಾ ಶಹಾಬಾದ್ ಪಟ್ಟಣದ ಶಾಲೆಗೆ ಸೇರಿಸಿದರೆ ಹಕ್ಕು ಹೋಗುತ್ತದೆ. ಶಾಲೆ ಬದಲಿಸುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಕನ್ನಡ ಮಾಧ್ಯಮದ ಶೇ. 5 ಮೀಸಲಾತಿ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೆ, ಉರ್ದು ಮಾಧ್ಯಮದವರಿಗೆ ಅನ್ವಯಿಸುವುದಿಲ್ಲ.

ಶಾಲಾ ದಾಖಲೆ, ಆಧಾರ್, ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ 'ಮೊಹಮ್ಮದ್', ಇನ್ನೊಂದರಲ್ಲಿ 'ಎಂ.ಡಿ.', ಮತ್ತೊಂದರಲ್ಲಿ 'ಮಹ್ಮದ' ಎಂದಿದ್ದರೆ ತೊಂದರೆ ತಪ್ಪದು. ಹತ್ತನೇ ತರಗತಿಗೆ ಮೊದಲೇ ಸರಿಪಡಿಸಿಕೊಳ್ಳಿ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಕೋರ್ಸು ಎಂದು ಕ್ರಮವಾಗಿ ತುಂಬುವ ಈ ಕೆಲಸವನ್ನು ಮಗು ಮತ್ತು ಶಿಕ್ಷಕರು ಕೂತು ಮಾಡಬೇಕು. ಪಾಸ್‌ವರ್ಡ್ ಮತ್ತು ಓಟಿಪಿಯನ್ನು ಯಾವ ಮಧ್ಯವರ್ತಿಗೂ ಕೊಡಬೇಡಿ. 2024ರಲ್ಲಿ ಸೀಟ್ ಬ್ಲಾಕಿಂಗ್ ಬಗ್ಗೆ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟದ್ದು ನೀವು ಪತ್ರಿಕೆಯಲ್ಲಿ ಓದಿರಬಹುದು.

ಇನ್ನು ರೊಕ್ಕದ ಪ್ರಶ್ನೆ. ಸಿಇಟಿ ಮೂಲಕ ಸೀಟು ಪಡೆದವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಇದೆ. ಅರ್ಜಿಯ ದಿನಾಂಕವನ್ನು ಸೀಟು ಸಿಗುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಆದಾಯ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ವಿನಾಯಿತಿಯ ಸೀಟುಗಳೂ ಇವೆ. ಆದಾಯ ಪ್ರಮಾಣಪತ್ರ ಇಲ್ಲೂ ಬೇಕು.

ಸೀಟು ಸಿಕ್ಕ ಮೇಲೆ

ಮೀಸಲಾತಿ ಬಾಗಿಲು ತೆರೆಯುತ್ತದೆ, ಒಳಗೆ ನಡೆಯಬೇಕಾದದ್ದು ನಮ್ಮ ಕಾಲಿನಿಂದಲೇ. ಕಲಬುರಗಿಯಲ್ಲೇ 1958ರಷ್ಟು ಹಿಂದೆ ಆರಂಭವಾದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿದೆ, 1980ರ ಖಾಜಾ ಬಂದಾನವಾಜ್ ಇಂಜಿನಿಯರಿಂಗ್ ಕಾಲೇಜು ಇದೆ. ಸೇರುವುದು ಕಷ್ಟವಲ್ಲ. ಮೊದಲ ವರ್ಷದ ಗಣಿತದಲ್ಲಿ ಬ್ಯಾಕ್ ಉಳಿಸಿಕೊಂಡು ಮಧ್ಯದಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಆ ಮನೆಯವರ ಸಾಲ ಉಳಿಯಿತು, ಪದವಿ ಉಳಿಯಲಿಲ್ಲ. ಆದ್ದರಿಂದಲೇ ಬುನಾದಿಯ ಮಾತನ್ನು ಇಷ್ಟು ಒತ್ತಿ ಹೇಳಿದೆ.

ವಿಜ್ಞಾನದ ಪಿಯುಸಿ ಭಾರವೆನಿಸುವ ಮಕ್ಕಳಿಗೆ ಬೇರೆ ದಾರಿಯೂ ಇದೆ. ಹತ್ತನೇ ತರಗತಿಯ ನಂತರ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಸುತ್ತಲೂ ಸಿಮೆಂಟ್ ಕಾರ್ಖಾನೆಗಳಿರುವ ನಮ್ಮ ಭಾಗದಲ್ಲಿ ಡಿಪ್ಲೊಮಾ ಕೀಳು ಎಂದು ಭಾವಿಸಬೇಕಿಲ್ಲ.

ಸಂಸ್ಥೆಯ ಮುಂದೆ ಮೂರು ಸಲಹೆ ಇಡುತ್ತೇನೆ. ಒಂಬತ್ತು, ಹತ್ತನೇ ತರಗತಿಗೆ ಪ್ರತಿ ಭಾನುವಾರ ಎರಡು ಗಂಟೆ ಉಚಿತ ಗಣಿತ ತರಗತಿ ನಡೆಸೋಣ. ಮೂರು ಭಾಷೆಯ ಶಬ್ದಪಟ್ಟಿಯನ್ನು ಸಿದ್ಧಮಾಡುವ ಹೊಣೆ ನನ್ನದು, ಅಚ್ಚು ಹಾಕಿಸುವ ಹೊಣೆ ಸಂಸ್ಥೆಯದಾಗಲಿ. ವರ್ಷಕ್ಕೊಂದು ದಿನ ಎಲ್ಲ ಪಿಯುಸಿ ಮಕ್ಕಳ ಕಾಗದಪತ್ರ ಪರಿಶೀಲಿಸೋಣ. ಇದಲ್ಲದೆ ಹಿರಿಯರಲ್ಲಿ ಒಂದು ಕೋರಿಕೆ ಇದೆ. ಊರಿನ ಐದಾರು ಹೆಣ್ಣುಮಕ್ಕಳು ಒಟ್ಟಿಗೆ ಒಂದೇ ಕಾಲೇಜಿಗೆ ರೈಲಿನಲ್ಲಿ ಹೋಗಿ ಬರುವ ಏರ್ಪಾಟಾದರೆ, ಹತ್ತನೇ ತರಗತಿಗೇ ಓದು ನಿಲ್ಲಿಸುವ ಮಾತು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಶೇ. 90 ತೆಗೆಯುವ ಹುಡುಗಿಯನ್ನು ದೂರದ ನೆಪ ಹೇಳಿ ಮನೆಯಲ್ಲಿ ಕೂಡಿಸಿದರೆ ನಷ್ಟ ಆ ಮನೆಗೆ ಮಾತ್ರವಲ್ಲ, ಊರಿಗೂ ಹೌದು.

ಮಕ್ಕಳೇ, ಇಂದು ರಾತ್ರಿ ಮಲಗುವ ಮುನ್ನ ಆ ನೋಟ್ ಬುಕ್ಕಿಗೆ ಮೂರು ಕಾಲಂ ಎಳೆಯಿರಿ. ಮೊದಲ ಹತ್ತು ಶಬ್ದ ಬರೆದು ನಾಳೆ ನನಗೆ ತೋರಿಸಿ.