ಹಳೆಯ ಡೀಸೆಲ್ ಪಿಕಪ್ ವಾಹನ ಕೊಳ್ಳುವ ಮುನ್ನ

(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ವಾಹನದ ವಿಷಯ ಹೇಳಲು ಏಕೆ ಬಂದರು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಮೇವು, ಪಶು ಆಹಾರದ ಮೂಟೆ, ಹಾಲಿನ ಕ್ಯಾನು, ಗೊಬ್ಬರ, ಚಿಕಿತ್ಸೆಗೆ ಒಯ್ಯಬೇಕಾದ ರಾಸು, ಎಲ್ಲಕ್ಕೂ ಈಗ ವಾಹನ ಬೇಕು. ಹೊಸದು ಕೈಗೆಟುಕದು. ಹಳೆಯದಕ್ಕೆ ಸಾಲ ಮಾಡಿ, ಒಡವೆ ಅಡವಿಟ್ಟು ಹಣ ಹಾಕುತ್ತೀರಿ. ಆ ವಾಹನ ದಾರಿಯಲ್ಲಿ ನಿಂತರೆ ನಷ್ಟ ತಮ್ಮೊಬ್ಬರದಲ್ಲ. ಬೇಸಿಗೆಯಲ್ಲಿ ಶೀತಲೀಕರಣಕ್ಕೆ ತಡವಾದರೆ ಕ್ಯಾನಿನ ಹಾಲು ಕೆಡುತ್ತದೆ. ಅದರಲ್ಲಿ ಒಂದೇ ಹಸು ಕಟ್ಟಿಕೊಂಡು ಜೀವನ ಮಾಡುವವರ ಎರಡು ಲೀಟರ್ ಹಾಲೂ ಸೇರಿರುತ್ತದೆ.

ಹಸು ಕೊಳ್ಳುವುದರಲ್ಲಿ ತಾವು ಜಾಣರು. ಒಂದು ಹೊತ್ತು ಹಾಲು ಕರೆಯದೆ ಕೆಚ್ಚಲು ಉಬ್ಬಿಸಿ ಸಂತೆಗೆ ತರುವ ಉಪಾಯ ತಮಗೆ ಗೊತ್ತು. ಅದಕ್ಕೇ ಮಾರುವವರ ಕೊಟ್ಟಿಗೆಗೆ ಹೋಗಿ ಎರಡು ಮೂರು ಹೊತ್ತು ಕರೆದು ನೋಡುತ್ತೀರಿ, ಹಲ್ಲು ನೋಡುತ್ತೀರಿ, ನಡೆಸಿ ನೋಡುತ್ತೀರಿ. ವಾಹನಕ್ಕೂ ಅದೇ ವಿವೇಕ ಸಾಕು.

ಮೊದಲು ಹೊರೆಯ ಲೆಕ್ಕ

ಬಣ್ಣ ನೋಡುವ ಮೊದಲು ತಮ್ಮ ಹೊರೆಯನ್ನು ತೂಗಿರಿ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ ಸುಮಾರು 41 ಕೆ.ಜಿ. ಕ್ಯಾನಿನ ತೂಕವೂ ಸೇರಿ ಹತ್ತಿರ ಹತ್ತಿರ 50 ಕೆ.ಜಿ. ಎಂದು ಇಟ್ಟುಕೊಳ್ಳಿ. ಪಶು ಆಹಾರದ ಒಂದು ಮೂಟೆಯೂ 50 ಕೆ.ಜಿ. ಲೆಕ್ಕ ಸುಲಭ.

ವಾಹನ ಎಷ್ಟು ಹೊರುತ್ತದೆ ಎಂಬುದನ್ನು ದಲ್ಲಾಳಿಯ ಬಾಯಿಂದ ಕೇಳಬೇಡಿ, ನೋಂದಣಿ ಪತ್ರದಲ್ಲಿ ಓದಿ. ಅದರಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಇರುತ್ತವೆ. ಉದಾಹರಣೆಗೆ ಒಟ್ಟು ತೂಕ 2,700, ಖಾಲಿ ತೂಕ 1,500 ಎಂದಿದ್ದರೆ ಉಳಿದದ್ದು 1,200 ಕೆ.ಜಿ. ಚಾಲಕ ಮತ್ತು ಸಹಾಯಕನ 130 ಕೆ.ಜಿ. ಕಳೆದರೆ 1,070. ಅಂದರೆ 21 ಕ್ಯಾನು. ಅದಕ್ಕೆ 30 ಕ್ಯಾನು ಹೇರಿದರೆ ಬ್ರೇಕು, ಪಟ್ಟಿ ಸ್ಪ್ರಿಂಗು, ಟೈರು ಮೂರೂ ಬೇಗ ಸೋಲುತ್ತವೆ. 2005ರಲ್ಲಿ ಬಂದ ಟಾಟಾ ಏಸ್ ಸುಮಾರು ಮುಕ್ಕಾಲು ಟನ್ನಿನ ಗಾಡಿ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಸುಮಾರು ಒಂದೂಕಾಲು ಟನ್ನಿನದು. ಒಂಟೆತ್ತಿನ ಗಾಡಿಗೆ ಜೋಡೆತ್ತಿನ ಹೊರೆ ಹೇರಬಾರದು.

ಹಾಲಿನ ಮಾರ್ಗಕ್ಕೆಂದೇ ಕೊಳ್ಳುವುದಾದರೆ, ವಾಹನದ ವಯಸ್ಸು ಮತ್ತು ಗಾತ್ರದ ಬಗ್ಗೆ ನಿಬಂಧನೆ ಏನಿದೆ ಎಂದು ಒಕ್ಕೂಟದ ಶೇಖರಣಾ ವಿಭಾಗದಲ್ಲಿ ವಿಚಾರಿಸಿ, ಆಮೇಲೆ ಮುಂಗಡ ಕೊಡಿ.

ಎಂಜಿನ್ ಪರೀಕ್ಷೆ

ಬೆಳಿಗ್ಗೆ ಹೋಗಿ. ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಾವು ಬರುವ ಮುನ್ನವೇ ಓಡಿಸಿ ಇಟ್ಟಿದ್ದಾರೆಂದು ತಿಳಿಯಿರಿ. ಇದೂ ಕೆಚ್ಚಲು ಉಬ್ಬಿಸಿದ ಹಾಗೆಯೇ. ಮತ್ತೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗಿ. ತಣ್ಣಗಿರುವ ಎಂಜಿನ್ ಹೆಚ್ಚು ಸತಾಯಿಸದೆ ಶುರುವಾಗಬೇಕು.

ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವಿನ ಸೀಲು ಸವೆದಿರಬಹುದು. ದಟ್ಟ ಕಪ್ಪು ಹೊಗೆಗೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್ ಕಾರಣವಿರಬಹುದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಹೋಗುತ್ತಿರುವ ಅನುಮಾನ ಪಡಬೇಕು. ಆಯಿಲ್ ಕಡ್ಡಿ ಎಳೆದು ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ, ಅಂಥ ಗಾಡಿ ಬೇಡ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬಂದರೆ ಎಂಜಿನ್ ಸವೆದಿದೆ.

ಕ್ಲಚ್ ನೋಡಲು ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ನಿಲ್ಲದಂತೆ, ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ನಿಂತುಹೋದರೆ ಒಳ್ಳೆಯದು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಬಳಿಕ ಸ್ವಲ್ಪ ಹೊರೆ ಹಾಕಿ ಏರಿನಲ್ಲಿ ಓಡಿಸಿ. ಖಾಲಿ ಗಾಡಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ.

ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಮಾನದಂಡ ಬಂದಿದೆ. ಈ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದಲ್ಲಿ, ಹತ್ತಿರದ ಊರುಗಳ ನಡುವೆ ನಿಂತು ನಿಂತು ನಿಧಾನವಾಗಿ ಓಡುವ ಕೆಲಸದಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಹಾಲಿನ ಮಾರ್ಗದ ಓಡಾಟ ಅಂಥದ್ದೇ. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹತ್ತದೇ ಇರುವ ದೀಪ ಆರದ ದೀಪದಷ್ಟೇ ಅನುಮಾನದ್ದು.

ಚಾಸಿ ಮತ್ತು ಹೊರೆಯ ತೊಟ್ಟಿ

ಗಾಡಿಯ ಕೆಳಗೆ ಬಗ್ಗಿ ನೋಡಿ. ಹಿಂದಿನ ಪಟ್ಟಿ ಸ್ಪ್ರಿಂಗು ಹಿಡಿದಿರುವ ಜಾಗದಲ್ಲಿ ಬೆಸುಗೆ, ಬಿರುಕು, ಅಲ್ಲಿಗೆ ಮಾತ್ರ ಬಳಿದ ಹೊಸ ಬಣ್ಣ ಕಂಡರೆ ಮಿತಿಮೀರಿ ಹೊರೆ ಹೊತ್ತ ಗಾಡಿ ಅದು. ಆಮೇಲೆ ಸೇರಿಸಿದ ಪಟ್ಟಿಗಳೂ ಅದೇ ಕಥೆ ಹೇಳುತ್ತವೆ. ದನದ ಗಂಜಲ, ಚೆಲ್ಲಿದ ಹಾಲು, ಮೀನಿನ ಉಪ್ಪುನೀರು, ಮೂರೂ ಕಬ್ಬಿಣವನ್ನು ತಿನ್ನುತ್ತವೆ. ಆದ್ದರಿಂದ ಹಿಂದೆ ಏನು ಸಾಗಿಸುತ್ತಿದ್ದರು ಎಂದು ಕೇಳಿ, ತೊಟ್ಟಿಯ ಮೇಲಿನ ಹಾಸು ಎತ್ತಿಸಿ ನೋಡಿ, ಅಡ್ಡ ಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೀಟರಿನ ಕಿಲೋಮೀಟರನ್ನು ನಂಬುವ ಮೊದಲು ಪೆಡಲಿನ ರಬ್ಬರು ಎಷ್ಟು ಸವೆದಿದೆ ನೋಡಿ.

ಕಾಗದ ಪತ್ರಗಳು

ನೋಂದಣಿ ಪತ್ರದ ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಗಾಡಿಯ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಬ್ಯಾಂಕಿನ ಸಾಲ ತೀರಿದ್ದರೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಇರಬೇಕು. ಬಾಕಿ ದಂಡ, ತೆರಿಗೆ, ವಿಮೆ, ಹೊಗೆ ತಪಾಸಣೆ ಇವನ್ನು ಪರಿಶೀಲಿಸಿ. ಅರ್ಹತಾ ಪತ್ರವನ್ನು 8 ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ನವೀಕರಿಸಬೇಕು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಹೊರ ರಾಜ್ಯದ ಗಾಡಿಯಾದರೆ ನಿರಾಕ್ಷೇಪಣಾ ಪತ್ರವೂ ಇಲ್ಲಿನ ತೆರಿಗೆಯ ಲೆಕ್ಕವೂ ಬೇಕು.

ನಮೂನೆ 29 ಮತ್ತು 30ಕ್ಕೆ ಸಹಿಯಾಗದೆ ಪೂರ್ತಿ ಹಣ ಕೊಡಬೇಡಿ. ಕೊಂಡ 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ತಮ್ಮ ಹಳೆಯ ಗಾಡಿ ಮಾರುವವರಿಗೂ ಈ ಮಾತು ಮುಖ್ಯ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಗಾಡಿ ಹೋಯಿತೆಂದು ಸುಮ್ಮನಿದ್ದರೆ ಹೊಲ ಮಾರುವ ಪ್ರಸಂಗ ಬರಬಹುದು.

ರಾಸುಗಳನ್ನು ಸಾಗಿಸುವವರಿಗೆ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಒಂದು ಹಸು ಅಥವಾ ಎಮ್ಮೆಗೆ 2 ಚದರ ಮೀಟರ್ ಜಾಗವೂ, ನಡುವೆ ವಿಭಾಗವೂ ಇರಬೇಕು. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಹಿಡಿಸುವುದು ಎರಡೇ ರಾಸು. 1978ರ ಪ್ರಾಣಿ ಸಾಗಣೆ ನಿಯಮಗಳಂತೆ ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣ ಪತ್ರ, ಜಾರದಂತೆ ನಾರಿನ ಚಾಪೆ ಅಥವಾ ಹಲಗೆ, ಜೊತೆಗೊಬ್ಬ ಆಳು ಬೇಕು. ರಾಸಿನ ಮುಖ ಎಂಜಿನ್ ಕಡೆಗಿದ್ದರೆ ಒಳ್ಳೆಯದು. ಬೇರೆ ಸರಕು ಜೊತೆಗೆ ಹೇರಬಾರದು. ಬರಿ ತಗಡಿನ ಮೇಲೆ ಗಬ್ಬದ ಹಸು ಜಾರಿ ಬಿದ್ದು ಸೊಂಟ ಹೋದರೆ ನಮ್ಮ ಔಷಧಿಯಿಂದ ಎದ್ದು ನಿಲ್ಲುವುದು ಕಷ್ಟ. ಹೊರಡುವ ಮುನ್ನ ಇತರ ದಾಖಲೆಗಳ ಬಗ್ಗೆ ಸ್ಥಳೀಯ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಕೊಂಡು ತಂದ ಗಾಡಿಯನ್ನು ಮೊದಲು ಊರ ಹೊರಗೆ ತೊಳೆಯಿರಿ. ಹಿಂದೆ ಅದರಲ್ಲಿ ಕಾಲುಬಾಯಿ ಜ್ವರದ ದನ ನಿಂತಿತ್ತೋ ಏನೋ ಬಲ್ಲವರಾರು? ಸಗಣಿ ಕೆರೆದು ತೆಗೆದು, ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತೊಟ್ಟಿ, ಚಕ್ರ ಎಲ್ಲಕ್ಕೂ ಸುರಿಯಿರಿ. ಸ್ವಲ್ಪ ಹೊತ್ತು ಬಿಟ್ಟು ನೀರಿನಿಂದ ತೊಳೆದು ಬಿಸಿಲಿಗೆ ನಿಲ್ಲಿಸಿ. ಹಾಲಿನ ಕ್ಯಾನಿನ ಜೊತೆ ಡೀಸೆಲ್, ಗೊಬ್ಬರ ಇಡಬೇಡಿ. ಹಾಲು ವಾಸನೆಯನ್ನು ಬೇಗ ಹೀರುತ್ತದೆ.

ಕೊನೆಯದಾಗಿ, ಇರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಬೆಲೆಯ ಐದರಲ್ಲಿ ಒಂದು ಭಾಗವನ್ನಾದರೂ ಟೈರು, ಬ್ಯಾಟರಿ, ರಿಪೇರಿಗೆ ಉಳಿಸಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಅವರ ಕೂಲಿ ಕೊಡಿ. ತಿಂಗಳಲ್ಲಿ ಹತ್ತು ದಿನವೂ ಕೆಲಸವಿಲ್ಲದವರಿಗೆ ಬಾಡಿಗೆಯ ಗಾಡಿಯೇ ಲಾಭ. ಅಥವಾ ನಾಲ್ಕು ಜನ ಸೇರಿ ಒಂದು ಕೊಳ್ಳಿ, ಲೆಕ್ಕವನ್ನು ಬರವಣಿಗೆಯಲ್ಲಿಡಿ. ಸಹಕಾರ ತತ್ವ ನಮಗೆ ಹೊಸದಲ್ಲವಲ್ಲ.