ಮಳೆಯಲ್ಲಿ ನೆನೆದ ಹಳೆಯ ಕಾರು



ಮಳೆಗಾಲ ಬಂತೆಂದರೆ ಹಳೆಯ ಕಾರು ಇಟ್ಟುಕೊಂಡವರದೆಲ್ಲ ಒಂದೇ ದೂರು. "ನಿನ್ನೆ ಸಂಜೆ ಚೆನ್ನಾಗಿಯೇ ಓಡಿತ್ತು. ರಾತ್ರಿ ಮಳೆಯಲ್ಲಿ ನೆನೆಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಡುಗುತ್ತಿದೆ, ಮಿಸ್ಸಿಂಗ್ ಹೊಡೆಯುತ್ತಿದೆ, ಏರಿನಲ್ಲಿ ಎಳೆಯುವುದೇ ಇಲ್ಲ" ಎನ್ನುತ್ತಾರೆ. ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ಬಿಸಿಲೇರಿ ಕಾರು ತಾನಾಗಿಯೇ ಸರಿಯಾಗಿರುತ್ತದೆ. ದೋಷ ಕಾಣದ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚುತ್ತಾನೆ. ಹಣ ಖರ್ಚಾಗುತ್ತದೆ. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ನಾನು ಇಂದು ಹೇಳುವುದು ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳ ವಿಷಯ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಆದರೂ ತಂದೆಯವರ ನೆನಪಿಗೆಂದು, ಅಭಿಮಾನಕ್ಕೆಂದು ಇವನ್ನು ಸಾಕಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ನಾನೂ ಅವರಲ್ಲೊಬ್ಬ.

ಈ ವಿದ್ಯೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಹಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ, ಉಬ್ಬಸ ಹೆಚ್ಚಾದ ಅಮ್ಮನನ್ನು ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ. ರಸ್ತೆಗೆ ಅಡ್ಡಲಾಗಿ ಹರಿಯುತ್ತಿದ್ದ ನೀರಿಗೆ ಕಾರನ್ನು ವೇಗವಾಗಿ ನುಗ್ಗಿಸಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಎಂಜಿನ್ ನಿಂತಿತು. ಗಾಬರಿಯಿಂದ ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿಯನ್ನೂ ಇಳಿಸಿದೆ. ಹಿಂದಿನಿಂದ ಬಂದ ಮಿನಿ ಬಸ್ಸಿನ ಚಾಲಕರು ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿ ಕೂರಿಸಿದರು. "ಇನ್ನು ತಳ್ಳೋಣ ಸ್ವಾಮಿ" ಎಂದರು. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಎಂಜಿನ್ ಹಿಡಿಯಿತು. ಅಮ್ಮ ಆಸ್ಪತ್ರೆ ಸೇರಿದರು, ಉಳಿದರು. ಐದು ನಿಮಿಷದ ಕೆಲಸ ತಿಳಿಯದೆ ನಾನು ಮುಕ್ಕಾಲು ಗಂಟೆ ಕಳೆದಿದ್ದೆ.

ಕಾರಣ ಸರಳ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ರೋಟರ್ ಮೂಲಕ ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುತ್ತದೆ. ಕ್ಯಾಪಿನ ಮೇಲೆ, ವೈರುಗಳ ಮೇಲೆ ಧೂಳು, ಎಣ್ಣೆಜಿಡ್ಡು ಕೂತಿರುತ್ತದೆ. ಅದು ಒದ್ದೆಯಾದರೆ ವಿದ್ಯುತ್ತಿಗೆ ಸುಲಭದ ದಾರಿ ಸಿಕ್ಕಂತೆ. ಪ್ಲಗ್ಗಿನಲ್ಲಿ ಕಿಡಿಯಾಗುವ ಬದಲು ಹೊರಮೈಯಲ್ಲೇ ಸೋರಿಹೋಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುವುದರಿಂದ ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟ್ ಬೇಕು. ಮಿಸ್ಸಿಂಗ್ ಏರಿನಲ್ಲೇ ಹೆಚ್ಚಾಗುವುದು ಇದರಿಂದ.

ಆದ್ದರಿಂದ ಮೊದಲು ಎಂಜಿನ್ ನಿಲ್ಲಿಸಿ, ಕ್ಯಾಪ್, ರೋಟರ್, ಕಾಯಿಲಿನ ತಲೆ, ಪ್ಲಗ್ ವೈರುಗಳು ಇಷ್ಟನ್ನೂ ಒಣಗಿದ ಶುಭ್ರ ಬಟ್ಟೆಯಿಂದ ಒರೆಸಿ. ವೈರುಗಳನ್ನು ಕಳಚುವ ಮುನ್ನ ಗುರುತು ಮಾಡಿಕೊಳ್ಳಿ. ಈ ಎರಡೂ ಕಾರುಗಳಲ್ಲಿ ಉರಿಯುವ ಸರದಿ 1-3-4-2. ಅದಲುಬದಲಾದರೆ ಹೊಸ ತೊಂದರೆ. ಒಣಗಿಸಲೆಂದು ಪೆಟ್ರೋಲ್ ಸವರುವುದಾಗಲಿ, ಬೆಂಕಿ ತೋರಿಸುವುದಾಗಲಿ ಸರ್ವಥಾ ಬೇಡ.

ಒರೆಸಿದ ಮೇಲೆ ಸರಿಹೋದರೆ ದೋಷ ಬರಿಯ ತೇವದ್ದು. ಒಣಗಿದರೂ ಮಿಸ್ಸಿಂಗ್ ನಿಲ್ಲದಿದ್ದರೆ ಕ್ಯಾಪನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಒಂದು ಮೊಳೆಯಿಂದ ಇನ್ನೊಂದಕ್ಕೆ ಪೆನ್ಸಿಲ್ ಗೀಟಿನಂತಹ ಕಪ್ಪುಗೆರೆ ಇದ್ದರೆ ವಿದ್ಯುತ್ತು ಅಲ್ಲಿ ಖಾಯಂ ದಾರಿ ಮಾಡಿಕೊಂಡಿದೆ ಎಂದರ್ಥ. ಕೆರೆದರೆ ಊರು ಸೇರಬಹುದು, ಅಷ್ಟೇ. ಕ್ಯಾಪ್ ಬದಲಾಯಿಸಲೇಬೇಕು. ಕೂದಲೆಳೆಯಷ್ಟು ಸೀಳು ಇದ್ದರೂ ಹಾಗೆಯೇ.

ಗ್ಯಾರೇಜಿನಲ್ಲಿ ದೋಷ ಕಾಣಿಸದಿದ್ದರೆ ಅದನ್ನು ಕರೆದು ತೋರಿಸುವ ಉಪಾಯವೂ ಇದೆ. ಕತ್ತಲಾದ ಮೇಲೆ, ಗಾಳಿಯಾಡುವ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ. ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ತೆಳ್ಳಗೆ ನೀರು ಹನಿಸಿ. ಸೋರುವ ಕಡೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ, ಚಟಚಟ ಸದ್ದೂ ಕೇಳುತ್ತದೆ. ಎಚ್ಚರವಿರಲಿ: ಕೈ ತಾಗಿಸಬೇಡಿ, ಸೆರಗು, ಪಂಚೆ, ಟೈ ಫ್ಯಾನಿನ ಬಳಿ ಬರದಿರಲಿ, ಪೆಟ್ರೋಲ್ ವಾಸನೆಯಿದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ದೂರವಿರಬೇಕು.

ಕಿಡಿ ಚೆನ್ನಾಗಿದ್ದೂ ಎಂಜಿನ್ ಒಡ್ಡೊಡ್ಡಾಗಿ ಓಡಿದರೆ ಪೆಟ್ರೋಲಿನಲ್ಲಿ ನೀರು ಸೇರಿರಬಹುದು. ಎಂಜಿನ್ ಆರಿದ ಮೇಲೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಬಸಿದು ಸ್ವಲ್ಪ ಹೊತ್ತು ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನೊಡನೆ ಟ್ಯಾಂಕಿನ ತಳ ಸೇರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಮಾಲೀಕರು ಇದನ್ನು ಗಮನಿಸಬೇಕು. ಏರ್ ಫಿಲ್ಟರ್ ನೆಂದಿದೆಯೇ ಎಂದೂ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಕಾರು ಆಳದ ನೀರಿನಲ್ಲಿ ನಿಂತುಹೋದರೆ ಸೆಲ್ಫ್ ಒತ್ತಬೇಡಿ, ನಾನು ಮಾಡಿದಂತೆ ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ, ನೀರು ಗಾಳಿಯಂತೆ ಕುಗ್ಗದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಅಂದು ನನಗೆ ಹಾಗಾಗದ್ದು ಅದೃಷ್ಟ. ಡಿಪ್ ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಂಜಿನ್ನನ್ನು ಮುಟ್ಟದೆ ಟೋ ಮಾಡಿಸಿ. ನೀರು ದಾಟಿ ಬಂದ ಮೇಲೆ ನಿಧಾನವಾಗಿ ಚಲಿಸುತ್ತ ಬ್ರೇಕನ್ನು ಹಗುರವಾಗಿ ನಾಲ್ಕಾರು ಸಲ ಒತ್ತಿ. ನೆನೆದ ಡ್ರಮ್ ಬ್ರೇಕ್ ಒಣಗುವ ತನಕ ಹಿಡಿಯುವುದಿಲ್ಲ.

ಮಳೆಗಾಲಕ್ಕೆ ಮುನ್ನ ಹಳೆಯ ವೈರುಗಳನ್ನು ಬದಲಾಯಿಸಿ, ವೈರಿನ ತುದಿಗಳಿಗೆ ರಬ್ಬರ್ ಟೋಪಿ ಹಾಕಿಸಿ. ಡಿಕ್ಕಿಯಲ್ಲಿ ಒಂದು ಕ್ಯಾಪ್, ಒಂದು ರೋಟರ್, ಒಂದು ಕಂಡೆನ್ಸರ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಣಬಟ್ಟೆ ಇರಲಿ. ನನ್ನ ಕಾರಿನಲ್ಲಿ ಆ ಬಟ್ಟೆ ಅಂದಿನಿಂದ ಇಂದಿನವರೆಗೂ ಇದೆ.